ಜಾಬಾಲಿಯಿಲ್ಲದ ಕಥೆ: ‘ಘರೇ ಬಾಯಿರೇ’ಯ ಮೂವರು ವಕ್ತೃಗಳು

ನಾವೆಲ್ ಎಂಬ ಪಾಶ್ಚಾತ್ಯ ಗ್ರಂಥಪ್ರಕಾರಕ್ಕೆ ಕನ್ನಡಿಗರೂ ಮಹಾರಾಷ್ಟ್ರೀಯರೂ ‘ಕಾದಂಬರಿ’ಯೆಂದು ಹೆಸರಿಟ್ಟುಕೊಂಡಿರುವರು. ಬಾಣಭಟ್ಟನ ಕಥಾನಾಯಿಕೆಯ ಹೆಸರು ಹೀಗೆ ಒಂದು ಜಾತಿಯ ಗ್ರಂಥಗಳಿಗೆಲ್ಲ ಸಲ್ಲುವಂತಾದುದು ಉಚಿತವೇ ಸರಿ. ಕಥೆಯನ್ನು ಯಾರ ಬಾಯಿಂದ ಹೇಳಿಸಬೇಕೆಂಬ ವಿಷಯದಲ್ಲಿ ಆ ಮಹಾಕವಿಯಷ್ಟು ಆಲೋಚಿಸಿದವರು ವಿರಳ. ವಿದಿಶೆಯ ಶೂದ್ರಕರಾಜನ ಆಸ್ಥಾನಕ್ಕೆ ಚಂಡಾಲಕನ್ಯೆಯೊಬ್ಬಳು ತಂದ ಗಿಳಿಯು ಕಥೆ ಹೇಳುವುದು. ಆ ಗಿಳಿ ಹೇಳುವುದು ಜಾಬಾಲಿಮಹರ್ಷಿಯ ಮುಖದಿಂದ ತಾನು ಕೇಳಿದುದನ್ನು. ಆ ಕಥೆಯ ಒಳಗೆ ಮತ್ತೆ ಮಹಾಶ್ವೇತೆಯು ತನ್ನ ದುಃಖವೃತ್ತಾಂತವನ್ನು ತಾನೇ ಹೇಳಿಕೊಳ್ಳುವಳು. ಇಷ್ಟು ಬಾಯಿಗಳನ್ನು ದಾಟಿ ಬಂದ ಕಥೆಯಲ್ಲಿ ವಾಚಕನಿಗೆ ಎಲ್ಲಿಯೂ ಸಂಶಯವುಂಟಾಗುವುದಿಲ್ಲ. ತಪಸ್ಸಿನ ಕಣ್ಣಿನಿಂದ ಜನ್ಮಾಂತರಗಳನ್ನೂ ಕಾಣಬಲ್ಲ ಜಾಬಾಲಿಯು ನಡುವೆ ಕುಳಿತಿರುವನು. ಅವನು ಕಂಡುದು ಸತ್ಯ; ಅವನು ಹೇಳಿದುದು ಕಂಡಷ್ಟೇ.

ಆಧುನಿಕ ಕಾದಂಬರಿಯಲ್ಲಿ ಆ ಪೀಠದ ಮೇಲೆ ಸಾಮಾನ್ಯವಾಗಿ ಗ್ರಂಥಕರ್ತನೇ ಕುಳಿತುಕೊಳ್ಳುವನು. ಪಾತ್ರಗಳ ಹೃದಯದೊಳಗೆ ಇಣಿಕಿ ನೋಡಿ, ಇವನ ಮಾತು ಮೋಸ, ಅವಳ ಮೌನ ದುಃಖವೆಂದು ಅವನು ತಿಳಿಸುತ್ತಿರುವನು. ವಾಚಕನು ನಿಶ್ಚಿಂತನಾಗಿ ಕೇಳುತ್ತಿರುವನು. ಹೀಗಿರುವಲ್ಲಿ ಗ್ರಂಥಕರ್ತನು ಆ ಪೀಠದಿಂದ ಎದ್ದುಹೋಗಿ, ಒಬ್ಬ ಸ್ತ್ರೀಯನ್ನೂ ಅವಳಲ್ಲಿ ಅನುರಕ್ತರಾದ ಇಬ್ಬರು ಪುರುಷರನ್ನೂ ಕರೆದು, ನಿಮ್ಮ ನಿಮ್ಮ ಕಥೆಯನ್ನು ನೀವೇ ಹೇಳಿಕೊಳ್ಳಿರೆಂದು ಬಿಟ್ಟರೆ ಏನಾದೀತು? ಮೂವರಿಗೂ ತಮ್ಮ ತಮ್ಮ ಪಕ್ಷವುಂಟು, ಯಾರೂ ಜಾಬಾಲಿಯಲ್ಲ. ಆಗ ಸತ್ಯವನ್ನು ನಿರ್ಣಯಿಸುವ ಭಾರವು ವಾಚಕನ ತಲೆಯ ಮೇಲೆಯೇ ಬೀಳುವುದು. ರವೀಂದ್ರನಾಥ ಠಾಕೂರರ ‘ಘರೇ ಬಾಯಿರೇ’ಯು ವಾಚಕನ ಮೇಲೆ ಈ ಭಾರವನ್ನು ಹೊರಿಸತಕ್ಕ ಗ್ರಂಥ.

ಈ ಕಾದಂಬರಿಯು ಪ್ರಮಥ ಚೌಧುರಿಯವರ ‘ಸಬುಜ್ ಪತ್ರ’ದಲ್ಲಿ ೧೯೧೫–೧೬ರಲ್ಲಿ ಕ್ರಮವಾಗಿ ಪ್ರಕಟವಾಗಿ, ೧೯೧೬ರಲ್ಲಿ ಪುಸ್ತಕರೂಪವನ್ನು ತಾಳಿತು. ಸುರೇಂದ್ರನಾಥ ಠಾಕೂರರು ಮಾಡಿದ ಇಂಗ್ಲಿಷ್ ಅನುವಾದವು ೧೯೧೯ರಲ್ಲಿ ಹೊರಬಂದಿತು. ತ್ರಿಕೋಣಪ್ರಣಯವು ಕವೀಂದ್ರರಿಗೆ ಹೊಸ ವಸ್ತುವಾಗಿರಲಿಲ್ಲ; ‘ನಷ್ಟನೀಡ’ದಲ್ಲಿಯೂ ‘ಚೋಖೇರ್ ಬಾಲಿ’ಯಲ್ಲಿಯೂ ಅದನ್ನು ಅವರು ಮೊದಲೇ ನಿರೂಪಿಸಿದ್ದರು. ಅಲ್ಲಿ ಕಥೆ ಹೇಳಿದವರು ಅವರೇ. ಇಲ್ಲಿ ಪ್ರತಿಯೊಂದು ಭಾಗಕ್ಕೂ ‘ವಿಮಲೆಯ ಆತ್ಮಕಥೆ’, ‘ನಿಖಿಲೇಶನ ಆತ್ಮಕಥೆ’, ‘ಸಂದೀಪನ ಆತ್ಮಕಥೆ’ ಎಂದು ತಲೆಬರಹವಿತ್ತು ತಾವು ಹಿಂದೆ ಸರಿದರು. ಈ ಕ್ರಮವೂ ವಂಗದೇಶಕ್ಕೆ ಸರ್ವಥಾ ನೂತನವಲ್ಲ. ಬಿ. ವೆಂಕಟಾಚಾರ್ಯರ ಅನುವಾದಗಳ ಮೂಲಕ ಕನ್ನಡದ ಮನೆಮನೆಗೆ ಪರಿಚಿತರಾದ ಬಂಕಿಮಚಂದ್ರರು ‘ರಜನಿ’ಯಲ್ಲಿ ಪಾತ್ರಗಳಿಂದಲೇ ಕಥೆ ಹೇಳಿಸಿದ್ದರು, ವಿಲ್ಕಿ ಕಾಲಿನ್ಸನ ಕಾದಂಬರಿಯೊಂದರಿಂದ ಆ ಕ್ರಮವನ್ನು ಸ್ವೀಕರಿಸಿದುದಾಗಿ ಅವರೇ ಒಪ್ಪಿಕೊಂಡಿರುವರು. ಆದರೆ ‘ರಜನಿ’ಯ ವಕ್ತೃಗಳು ಒಬ್ಬರ ಕಥೆಯನ್ನು ಇನ್ನೊಬ್ಬರು ಮುಂದುವರಿಸುವರು, ‘ಘರೇ ಬಾಯಿರೇ’ಯ ವಕ್ತೃಗಳು ಒಬ್ಬರ ಕಥೆಯನ್ನು ಇನ್ನೊಬ್ಬರು ಅಲುಗಾಡಿಸುವರು. ಮೇಲಾಗಿ ಕವೀಂದ್ರರು ಈ ಕಾದಂಬರಿಯಲ್ಲಿ ಗ್ರಾಂಥಿಕವಾದ ಸಾಧುಭಾಷೆಯನ್ನು ತೊರೆದು ಆಡುಮಾತಿಗೆ ಸಮೀಪವಾದ ಚಲಿತಭಾಷೆಯನ್ನು ಹಿಡಿದರು. ತನ್ನ ಕಥೆಯನ್ನು ತಾನು ಹೇಳಿಕೊಳ್ಳುವವರಿಗೆ ಆ ಭಾಷೆಯೇ ತಕ್ಕುದು.

ಕಥೆಯ ಕಾಲವು ವಂಗವಿಭಜನೆಯ ತರುವಾಯದ ಸ್ವದೇಶೀ ಚಳುವಳಿಯ ಕಾಲ. ೧೯೦೫ರಲ್ಲಿ ಲಾರ್ಡ್ ಕರ್ಜನನು ಮಾಡಿದ ಆ ವಿಭಜನೆಯನ್ನು ಪ್ರತಿಭಟಿಸಿ, ಅಕ್ಟೋಬರ್ ೧೬ರಂದು ರಾಖೀಬಂಧನವನ್ನು ನಡೆಸಿದವರಲ್ಲಿ ರವೀಂದ್ರರೇ ಮುಂದಾಳು. ಕೆಲಕಾಲದ ಮೇಲೆ ಚಳುವಳಿಯ ಬಲಾತ್ಕಾರಮಾರ್ಗವನ್ನು ಕಂಡು ಹಿಂದೆಗೆದವರೂ ಅವರೇ. ನಿಖಿಲೇಶನು ಎಂ. ಎ. ಪರೀಕ್ಷೆಯಲ್ಲಿ ತೇರ್ಗಡೆಯಾದ ಜಮೀನ್ದಾರ; ಕುಡಿತದಿಂದ ಅಣ್ಣಂದಿರಿಬ್ಬರನ್ನೂ ಕಳೆದುಕೊಂಡ ಮನೆತನದಲ್ಲಿ ಅದನ್ನು ಮುಟ್ಟದ ಮೊದಲನೆಯವನು. ಪತ್ನಿಯಾದ ವಿಮಲೆಗೆ ಆಂಗ್ಲವಿದ್ಯೆ ಕಲಿಸಲು ಮಿಸ್ ಗಿಲ್ಬಿ ಎಂಬವಳನ್ನು ನೇಮಿಸಿ, ಅಂತಃಪುರದ ತೆರೆಯನ್ನು ದಾಟಿ ಹೊರಗೆ ಬಾರೆಂದು ಪ್ರೇರಿಸುವನು. ಹೊರಗಿನ ಜಗತ್ತಿನಲ್ಲಿ ತನ್ನನ್ನು ಕಂಡು ಒಲಿದರೆ ಮಾತ್ರವೇ ಆ ಒಲವು ನಿಜವೆಂಬುದು ಅವನ ಮತ. ಅವನ ಗೆಳೆಯ ಸಂದೀಪನು ಸ್ವದೇಶೀ ಮುಖಂಡ, ವಾಗ್ಮಿ. ಭಾಷಣವನ್ನು ಕೇಳುತ್ತ ವಿಮಲೆ ತೆರೆಯನ್ನು ಸರಿಸಿಬಿಟ್ಟಳು. ಕಣ್ಣು ಕಣ್ಣನ್ನು ಸಂಧಿಸಿತು. ಸಂದೀಪನು ಅತಿಥಿಯಾಗಿ ಮನೆಯಲ್ಲಿ ನಿಂತನು. ಅವಳನ್ನು ದೇಶದ ಶಕ್ತಿದೇವತೆಯೆಂದು ಕೊಂಡಾಡಿದನು. ಚಳುವಳಿಗೆ ಹಣ ಬೇಕೆಂದಾಗ ವಿಮಲೆಯು ಗಂಡನ ತಿಜೋರಿಯಿಂದ ಆರು ಸಾವಿರ ರೂಪಾಯಿಯ ಹೊನ್ನನ್ನು ಕದ್ದಳು. ಕಳವಿನಿಂದ ಮೋಹ ಹರಿಯಿತು. ಆದರೆ ಊರಿಗೆ ಬೆಂಕಿ ಬಿದ್ದಿತ್ತು. ಹಿಂದೂ ಮುಸಲ್ಮಾನರ ಗಲಭೆಯನ್ನು ತಡೆಯಲು ನಿಖಿಲೇಶನು ನಿರಾಯುಧನಾಗಿ ಕುದುರೆಯೇರಿ ಹೋಗಿ, ತಲೆಗೆ ಪೆಟ್ಟುಬಿದ್ದು ಪಲ್ಲಕ್ಕಿಯಲ್ಲಿ ಮರಳಿದನು. ಅಮೂಲ್ಯನೆಂಬ ಹುಡುಗನು ಗುಂಡಿನಿಂದ ಸತ್ತನು.

ಇದು ಕಥೆಯ ಅಸ್ಥಿಪಂಜರ. ಈ ಮೂವರ ಮಾತನ್ನು ಎಷ್ಟರ ಮಟ್ಟಿಗೆ ನಂಬಬೇಕೆಂಬುದು ಮುಂದಿನ ಪ್ರಶ್ನೆ.

ಕಥೆ ಹೇಳುವ ಪಾತ್ರದ ಮಾತು ಗ್ರಂಥದ ಒಟ್ಟಭಿಪ್ರಾಯಕ್ಕೆ ವಿರುದ್ಧವಾಗಿ ನಡೆದರೆ ಅಂತಹ ವಕ್ತೃವನ್ನು ‘ನಂಬಲಾಗದ ನಿರೂಪಕ’ನೆಂದು ಅಮೆರಿಕೆಯ ವೇನ್ ಬೂತ್ ಎಂಬ ವಿಮರ್ಶಕನು ೧೯೬೧ರಲ್ಲಿ ಹೆಸರಿಸಿದನು. ಹೆಸರು ಹೊಸದು, ಆದರೆ ವಿಚಾರವು ಅಲಂಕಾರಶಾಸ್ತ್ರದ ಪರಿಚಯವುಳ್ಳವರಿಗೆ ಅಪರಿಚಿತವಲ್ಲ. ಮಮ್ಮಟನು ‘ಕಾವ್ಯಪ್ರಕಾಶ’ದ ತೃತೀಯೋಲ್ಲಾಸದಲ್ಲಿ, ವಾಚ್ಯಾರ್ಥವೇ ವ್ಯಂಜಕವಾಗುವುದಕ್ಕೆ ಕಾರಣಗಳನ್ನು ಎಣಿಸುವಾಗ ಎಲ್ಲಕ್ಕಿಂತ ಮೊದಲು ಹೇಳುವುದು ವಕ್ತೃವಿನ ವೈಶಿಷ್ಟ್ಯವನ್ನು. ಅವನು ಕೊಡುವ ಮೊದಲನೆಯ ಉದಾಹರಣೆಯೂ ಮನನೀಯವಾದುದು. ತುಂಬಿದ ದೊಡ್ಡ ಕೊಡವನ್ನು ಹೊತ್ತು ಬೇಗಬೇಗನೆ ಬಂದುದರಿಂದ ಬೆವರೂ ಏದುಸಿರೂ ಬಂದಿವೆಯೆಂದು ಒಬ್ಬಳು ಗೆಳತಿಗೆ ಹೇಳುವಳು. ಮಾತಿನಲ್ಲಿ ತಪ್ಪೇನೂ ಇಲ್ಲ. ಹೇಳುವವಳು ಎಂಥವಳೆಂಬುದನ್ನು ಬಲ್ಲ ಸಹೃದಯನು ಮಾತ್ರ, ಅವಳು ಮರೆಮಾಡುತ್ತಿರುವ ಸಂಕೇತಸಮಾಗಮವನ್ನು ಊಹಿಸಿಕೊಳ್ಳುವನು. ಆನಂದವರ್ಧನನಾದರೋ ಕವಿಯ ಪ್ರೌಢೋಕ್ತಿಯನ್ನೂ ಕವಿಯಿಂದ ನಿಬದ್ಧನಾದ ವಕ್ತೃವಿನ ಪ್ರೌಢೋಕ್ತಿಯನ್ನೂ ಬೇರೆಬೇರೆಯಾಗಿ ಗಣಿಸಿರುವನು. ಪಾತ್ರವು ಆಡಿದುದೆಲ್ಲ ಕವಿಯ ಮಾತಲ್ಲವೆಂಬ ವಿವೇಕವು ಈ ವಿಭಾಗದ ಮೂಲದಲ್ಲಿದೆ.

ಇನ್ನು ವಕ್ತೃವಿನ ಮಾತನ್ನು ಅಪ್ರಮಾಣವಾಗಿಸುವ ದೋಷಗಳು ಯಾವುವು? ವಸ್ತುವನ್ನು ಇದ್ದಂತೆ ಕಂಡು, ಕಂಡಂತೆ ಹೇಳಲಿಚ್ಛಿಸುವವನೇ ಆಪ್ತನೆಂಬುದು ನೈಯಾಯಿಕರ ಮತ. ಅದಕ್ಕೆ ಅಡ್ಡಬರುವ ದೋಷಗಳನ್ನು ಹಿರಿಯರು ನಾಲ್ಕಾಗಿ ವಿಂಗಡಿಸಿರುವರು: ಒಂದನ್ನು ಇನ್ನೊಂದೆಂದು ತಿಳಿಯುವ ಭ್ರಮ, ಗಮನ ತಪ್ಪುವ ಪ್ರಮಾದ, ವಂಚಿಸುವ ಇಚ್ಛೆಯಾದ ವಿಪ್ರಲಿಪ್ಸೆ, ಸಾಧನಗಳ ಅಸಾಮರ್ಥ್ಯವಾದ ಕರಣಾಪಾಟವ. ಈ ಒರೆಗಲ್ಲಿಗೆ ಮೂವರು ವಕ್ತೃಗಳನ್ನೂ ಉಜ್ಜಿ ನೋಡಿದರೆ ಕಾದಂಬರಿಯ ಒಳಗಿನ ಕಟ್ಟು ಗೋಚರವಾಗುವುದು.

ಸಂದೀಪನಲ್ಲಿ ವಿಪ್ರಲಿಪ್ಸೆಯು ಮೇಲೆಯೇ ತೇಲುತ್ತಿರುವಂತೆ ತೋರುವುದು. ಕಸಿದುಕೊಳ್ಳಲು ಬಲ್ಲವನಿಗೆ ಲೋಕವೆಲ್ಲವೂ ತನ್ನದೆಂದು ಅವನು ಬರೆದುಕೊಳ್ಳುವನು. ರಾಮಾಯಣದಲ್ಲಿ ತನಗೆ ಪೂಜ್ಯನು ರಾವಣನೆಂದೂ, ಸೀತೆಯನ್ನು ಅಶೋಕವನದಲ್ಲಿರಿಸಿ ಸಂಕೋಚಪಟ್ಟುದೇ ಅವನ ನಾಶಕ್ಕೆ ಕಾರಣವೆಂದೂ ಸಾಧಿಸುವನು. ವಿದೇಶೀ ಸರಕನ್ನು ಸಾಗಿಸಿದುದಕ್ಕಾಗಿ ಮಿರ್ಜಾನನೆಂಬ ಅಂಬಿಗನ ದೋಣಿಯನ್ನು ಮುಳುಗಿಸಿದ ಸಂಗತಿಯನ್ನು ಅಂಜಿಕೆಯಿಲ್ಲದೆ ನಿರೂಪಿಸುವನು. ಇಷ್ಟು ಮುಚ್ಚುಮರೆಯಿಲ್ಲದವನಲ್ಲಿ ವಂಚನೆಯೆಲ್ಲಿ ಎಂದು ಕೇಳಬಹುದು. ತಾನು ಮಾಡಿದ ಕೃತ್ಯಗಳ ವಿಷಯದಲ್ಲಿ ಸಂದೀಪನು ಬಹುಮಟ್ಟಿಗೆ ಸತ್ಯವಾದಿ. ತನ್ನ ಸ್ವಭಾವದ ವಿಷಯದಲ್ಲಿ ಅವನು ಸುಳ್ಳುಗಾರ. ಅವನು ಬರೆಯುವುದು ದಿನಚರಿಯಂತಲ್ಲ, ಎದುರಿಗೆ ಸಭೆಯೊಂದು ನೆರೆದಿರುವಂತೆ. ನಿರ್ದಯನಾದ ಮಹಾಪುರುಷನ ವೇಷವನ್ನು ಏಕಾಂತದಲ್ಲಿಯೂ ಕಳಚಲಾರದ ನಟನು ಅವನು. ಲಜ್ಜೆಯಿಲ್ಲದಿರುವಿಕೆಯನ್ನೇ ಪ್ರಾಮಾಣಿಕತೆಯೆಂದು ಮಾರುವುದು ಅವನ ವ್ಯಾಪಾರ; ಆ ಸರಕನ್ನು ಕೊಂಡವರಲ್ಲಿ ಮೊದಲನೆಯವನು ಅವನೇ.

ಇದಕ್ಕೆ ಸಾಕ್ಷ್ಯವು ಅವನ ಬರಹದಲ್ಲಿಯೇ ಉಂಟು. ವಿಮಲೆಯನ್ನು ಬಲಾತ್ಕಾರದಿಂದ ತನ್ನವಳಾಗಿಸಿಕೊಳ್ಳಲು ಅವಕಾಶವೊದಗಿದಾಗ ಏನೋ ಒಂದು ಹಿಂದಕ್ಕೆಳೆಯಿತೆಂದು ಅವನು ಕಿನಿಸಿನಿಂದ ಒಪ್ಪಿಕೊಳ್ಳುವನು. ರಾವಣನಿಗೆ ತಾನು ಹೊರಿಸಿದ ದೌರ್ಬಲ್ಯವೇ ತನಗೂ ಅಂಟಿತೆಂದು ಹಳಿದುಕೊಳ್ಳುವನು. ಅವನು ದೌರ್ಬಲ್ಯವೆಂದು ಕರೆದುದನ್ನು ಲೋಕವು ಮನುಷ್ಯತ್ವವೆನ್ನುವುದು. ಕೊನೆಗೆ ಊರನ್ನು ಬಿಟ್ಟು ಓಡುವ ಮೊದಲು ವಿಮಲೆಯ ಹೊನ್ನನ್ನೂ ಆಭರಣಗಳ ಪೆಟ್ಟಿಗೆಯನ್ನೂ ಅವನು ಮರಳಿ ಒಪ್ಪಿಸುವನು. ಇದನ್ನು ಸದ್ಗುಣವೆಂದು ಭಾವಿಸಬೇಡವೆಂದು ನಿಖಿಲೇಶನಿಗೆ ಹೇಳಲೂ ಮರೆಯನು. ಕಸಿಯುವುದೇ ಧರ್ಮವೆಂದವನು ಕಸಿದುದನ್ನು ಕೊಟ್ಟುಹೋದುದೇಕೆ? ಇದಕ್ಕೆ ಅವನ ತತ್ತ್ವದಲ್ಲಿ ಉತ್ತರವಿಲ್ಲ. ಕಾದಂಬರಿಯ ಕೊನೆಯ ಭಾಗದಲ್ಲಿ ‘ಸಂದೀಪನ ಆತ್ಮಕಥೆ’ಯೆಂಬ ತಲೆಬರಹವೂ ಇಲ್ಲ. ತನ್ನ ಸಿದ್ಧಾಂತಕ್ಕೆ ವಿರೋಧವಾದ ಒಂದೇ ಒಂದು ಕಾರ್ಯವನ್ನು ಮಾಡಿದ ಹೊತ್ತಿಗೆ, ಎಲ್ಲಕ್ಕೂ ಮಾತುಳ್ಳ ಆ ವಾಗ್ಮಿಯ ಲೇಖನಿ ಮೂಕವಾಯಿತು. ಈ ಮೌನದಲ್ಲಿರುವ ಧ್ವನಿಯನ್ನು ಗ್ರಹಿಸದವನು ಸಂದೀಪನನ್ನು ಬರಿಯ ರಾಕ್ಷಸನೆಂದು ತಿಳಿದು ಪುಸ್ತಕವನ್ನು ಮುಚ್ಚುವನು.

ವಿಮಲೆಯ ದೋಷವು ಭ್ರಮ. ಅವಳು ದೇಶವನ್ನು ಸಂದೀಪನೆಂದೂ, ತನ್ನ ಮೇಲಿನ ಸ್ತುತಿಯನ್ನು ದೇಶಸೇವೆಯೆಂದೂ ತಿಳಿದಳು. ಇಷ್ಟನ್ನು ಎಲ್ಲ ವಾಚಕರೂ ಬಲ್ಲರು. ಅವಳೇ ಬಾಯಿಬಿಟ್ಟು ಹೇಳಿಕೊಳ್ಳುವಳು. ಆದುದರಿಂದಲೇ, ತಪ್ಪನ್ನು ಒಪ್ಪಿಕೊಂಡವಳ ಮಾತು ಸತ್ಯವಾಗಿಯೇ ಇರಬೇಕೆಂದು ವಾಚಕರು ಅದನ್ನು ನಂಬಿಬಿಡುವರು. ಈ ನಂಬಿಕೆಯನ್ನು ಮಾತ್ರ ಪರೀಕ್ಷಿಸದೆ ಬಿಡುವುದು ನ್ಯಾಯವಲ್ಲ. ಮಿಕ್ಕಿಬ್ಬರು ಅಂದಂದಿನ ಸಂಗತಿಯನ್ನು ಅಂದಂದೇ ಬರೆಯುವವರಂತೆ ತೋರುವರು. ವಿಮಲೆಯಾದರೋ ತಾಯಿಯ ಬೈತಲೆಯ ಸಿಂಧೂರವನ್ನೂ ಕೆಂಪಂಚಿನ ಸೀರೆಯನ್ನೂ ನೆನೆದು ಕಥೆಯನ್ನು ಆರಂಭಿಸುವಾಗಲೇ ಅನರ್ಥವೆಲ್ಲವೂ ನಡೆದುಹೋಗಿರುವುದು. ಪಶ್ಚಾತ್ತಾಪದ ಕನ್ನಡಕದ ಮೂಲಕ ಅವಳು ಹಿಂದಿನದನ್ನು ನೋಡುತ್ತಿರುವಳು. ಸಂದೀಪನ ಭಾವಚಿತ್ರವನ್ನು ಮೊದಲು ಕಂಡಾಗಲೇ ಆ ಸುಂದರವಾದ ಮುಖದಲ್ಲಿ ಏನೋ ಬೆರಕೆಯಿದೆಯೆಂದು ತನಗೆ ತೋರಿತೆನ್ನುವಳು. ನಿಜವಾಗಿ ಅಂದೇ ತೋರಿದ್ದಿತೆ? ಅಥವಾ ಮುಂದೆ ತಿಳಿದುದನ್ನು ಹಿಂದಿನ ನೆನಪಿನಲ್ಲಿ ನೆಟ್ಟಳೆ? ಅಂದೇ ತೋರಿದ್ದರೆ ಅವಳು ಕಣ್ಣಿದ್ದೂ ಬಿದ್ದವಳು. ಆಮೇಲೆ ನೆಟ್ಟುದಾದರೆ ಮೋಸಹೋದ ಮುಗ್ಧೆ. ಎರಡರಲ್ಲಿ ಯಾವುದೆಂದು ಹೇಳಲು ಜಾಬಾಲಿಯಿಲ್ಲ.

ಅವಳ ಮಾತು ನಂಬಲರ್ಹವಲ್ಲವೆಂಬುದಕ್ಕೆ ಹೆಚ್ಚು ಬಲವಾದ ಪ್ರಮಾಣವು ಪ್ರಣಯವ್ಯವಹಾರದ ಹೊರಗಿದೆ. ಮನೆಯಲ್ಲಿ ವಿಧವೆಯರಾದ ಓರಗಿತ್ತಿಯರಿಬ್ಬರು. ಅವರಲ್ಲಿ ಎರಡನೆಯವಳು ವಿಮಲೆಯ ಬರಹದಲ್ಲಿ ಹೊಟ್ಟೆಕಿಚ್ಚಿನವಳು, ಕುಹಕದ ಮಾತಿನವಳು, ಮೈದುನನನ್ನು ಬಲೆಗೆ ಹಾಕಿಕೊಂಡು ಬೇಕುಬೇಕಾದುದನ್ನು ಸೆಳೆಯುವವಳು. ವಾಚಕನೂ ಬಹುದೂರದವರೆಗೆ ಹಾಗೆಯೇ ತಿಳಿದು ಬರುವನು. ಆ ಬಳಿಕ ನಿಖಿಲೇಶನ ಲೇಖನಿಯಿಂದ ಬೇರೊಂದು ಮುಖ ಕಾಣಿಸುವುದು: ಒಂಬತ್ತು ವರ್ಷದ ಮದುವಣಗಿತ್ತಿಯಾಗಿ ಆಕೆ ಆ ಮನೆಯನ್ನು ಹೊಕ್ಕಾಗ ಅವನಿಗೆ ಆರು ವರ್ಷ, ಇಬ್ಬರೂ ಜೊತೆಯಾಗಿ ಆಡಿ ಬೆಳೆದವರು, ಆ ಮನೆಯಲ್ಲಿ ಆಕೆಗೆ ಉಳಿದುದು ಆ ಒಂದು ನಂಟು. ಅವನು ಕಲಕತ್ತೆಗೆ ಹೊರಡುವನೆಂದು ತಿಳಿದೊಡನೆ ಅತ್ತಿಗೆಯು ತನ್ನ ಗಂಟುಮೂಟೆಯನ್ನು ಕಟ್ಟುವಳು. ವಿಮಲೆ ಕುಹಕವೆಂದು ಕೇಳಿದುದೆಲ್ಲವೂ ಒಂಟಿ ಜೀವವೊಂದರ ನಗೆಯ ಮರೆಯ ಕಣ್ಣೀರಾಗಿದ್ದಿರಬಹುದೆಂದು ವಾಚಕನು ತಟ್ಟನೆ ಅರಿತು ನಾಚುವನು. ವಿಮಲೆ ಕದ್ದ ಹೊನ್ನು ಆ ಇಬ್ಬರು ವಿಧವೆಯರಿಗಾಗಿ ಇರಿಸಿದುದೆಂಬುದನ್ನು ನೆನೆದರೆ ನಾಚಿಕೆಯು ಇಮ್ಮಡಿಸುವುದು. ಪರಪುರುಷನ ಮೋಹವನ್ನು ಅಷ್ಟು ವಿಸ್ತಾರವಾಗಿ ಒಪ್ಪಿಕೊಳ್ಳುವ ವಿಮಲೆಯು ಪಕ್ಕದ ಕೋಣೆಯಲ್ಲಿದ್ದವಳಿಗೆ ವರ್ಷಗಟ್ಟಲೆ ಮಾಡಿದ ಅನ್ಯಾಯವನ್ನು ಅಷ್ಟಾಗಿ ಕಾಣಳು. ದೊಡ್ಡ ಪಾಪವನ್ನು ಒಪ್ಪಿಕೊಳ್ಳುವುದು ಮನುಷ್ಯನಿಗೆ ಕೆಲವು ವೇಳೆ ಸುಲಭ. ಅದರಲ್ಲಿ ಒಂದು ಬಗೆಯ ಹಿರಿಮೆಯುಂಟು. ನಿತ್ಯದ ಸಣ್ಣ ಕ್ರೌರ್ಯವು ಲೆಕ್ಕಕ್ಕೇ ಬಾರದು.

ಹಾಗೆಂದು ಅವಳ ಮೇಲೆ ಇಲ್ಲದ ತಪ್ಪನ್ನು ಹೊರಿಸಲಾಗದು. ಅವಳೇ ತನ್ನ ಪಾಲಿಗೆ ಮೀರಿದ ತಪ್ಪನ್ನು ಹೊತ್ತುಕೊಂಡಿರುವಳು. ಗಂಡನೆಂಬ ದೇವರನ್ನು ತಾನು ಅವಮಾನಿಸಿದೆನೆಂದು ಅವಳು ಗೋಳಾಡುವಳು. ಆ ದೇವರೇ ತನ್ನ ಪರೀಕ್ಷೆಗಾಗಿ ಅವಳನ್ನು ಹೊರಗೆ ಕರೆದನೆಂಬುದು ಆ ಗೋಳಿನಲ್ಲಿ ಮುಳುಗಿಹೋಗುವುದು. ವಿದ್ಯಾವಂತರ ಮನೆಗಳಲ್ಲಿ ಈ ಪುಸ್ತಕವನ್ನು ಓದಿದವರು ಅವಳ ಆತ್ಮನಿಂದೆಯನ್ನೇ ತೀರ್ಪಾಗಿ ಎತ್ತಿಕೊಂಡು, ಹೆಂಗಸು ಹೊಸಿಲು ದಾಟಿದರೆ ಹೀಗಾಗುವುದೆಂದು ನೀತಿ ಹೇಳುವುದುಂಟು. ಅಪರಾಧಿಯೆಂದು ತಾನೇ ಹೇಳಿಕೊಂಡವಳ ಮಾತನ್ನಷ್ಟೇ ಕೇಳಿ, ಉಳಿದಿಬ್ಬರ ವಿಚಾರಣೆಯನ್ನು ಕೈಬಿಡುವ ನ್ಯಾಯಾಧಿಪತಿಯನ್ನು ಯಾರೂ ಮೆಚ್ಚರು.

ಉಳಿದಿಬ್ಬರಲ್ಲಿ ನಿಖಿಲೇಶನ ವಿಚಾರಣೆಯೇ ಕಠಿನವಾದುದು. ಅವನು ಸುಳ್ಳಾಡುವವನಲ್ಲ, ಉದಾರಿ, ಕ್ಷಮಾಶೀಲ, ಬಡವರ ಪಕ್ಷಪಾತಿ. ಸ್ವದೇಶಿಯ ವಿಷಯದಲ್ಲಿ ಅವನ ಅಭಿಪ್ರಾಯವು ಕವೀಂದ್ರರ ಅಭಿಪ್ರಾಯವನ್ನೇ ಹೋಲುವುದು. ಆದುದರಿಂದ ಬರಿದಾದ ಜಾಬಾಲಿಯ ಪೀಠದ ಮೇಲೆ ಅವನನ್ನೇ ಕೂರಿಸಿಬಿಡಲು ವಾಚಕರಿಗೆ ಆತುರ. ಆದರೆ ಅವನಲ್ಲಿ ಪ್ರಮಾದವುಂಟು. ಕಣ್ಣನ್ನು ತತ್ತ್ವದ ಮೇಲೆ ನೆಟ್ಟವನು ಪಕ್ಕದಲ್ಲಿರುವ ಮನುಷ್ಯರನ್ನು ಕಾಣದೆ ಹೋಗುವನು. ಸಂದೀಪನು ತನ್ನಿಂದ ಹಣವನ್ನು ಸುಲಿಯುವನೆಂಬುದನ್ನೂ, ಅವನ ದೇಶಭಕ್ತಿಯು ಸ್ವಾರ್ಥದ ರೂಪಾಂತರವೆಂಬುದನ್ನೂ ನಿಖಿಲೇಶನು ಬಲ್ಲನು. ಆದರೂ ಹೆಂಡತಿಗೆ ತಿಳಿಸನು. ತಿಳಿಸಿದರೆ ಆ ಮಾತಿನಲ್ಲಿ ತನ್ನ ಅಸೂಯೆಯ ಬಣ್ಣ ಬೆರೆತೀತೆಂಬ ಶಂಕೆಯನ್ನು ಕಾರಣವಾಗಿ ಕೊಡುವನು. ಶಂಕೆಯು ಪ್ರಾಮಾಣಿಕವಾದುದೇ. ಆದರೆ ಬಾವಿಯ ಕಡೆಗೆ ನಡೆಯುತ್ತಿರುವವಳನ್ನು ಕೂಗಿ ಕರೆದರೆ ತಾನು ಅಸೂಯಾಪರನಾಗಿ ಕಂಡೇನೆಂದು ಸುಮ್ಮನಿರುವುದರಲ್ಲಿ ಔದಾರ್ಯವೆಷ್ಟು, ಅಭಿಮಾನವೆಷ್ಟು? ಪರಿಶುದ್ಧನಾಗಿರಬೇಕೆಂಬ ಹಂಬಲವೂ ಒಂದು ಬಗೆಯ ಲೋಭವೇ ಆದೀತು.

ಈ ಪ್ರಮಾದವನ್ನು ತೋರಿಸಿಕೊಡುವವನು ಕೊನೆಗೆ ನಿಖಿಲೇಶನೇ. ತನ್ನ ಆದರ್ಶದ ಅಚ್ಚಿನಲ್ಲಿ ವಿಮಲೆಯನ್ನು ಎರಕಹೊಯ್ಯಬೇಕೆಂಬ ಬಯಕೆಯಲ್ಲಿ ಒಂದು ದಬ್ಬಾಳಿಕೆಯಿತ್ತೆಂದು ಅವನು ತಡವಾಗಿ ಅರಿತುಕೊಳ್ಳುವನು. ಕಥೆಯ ಮೊದಲಲ್ಲಿ ಅವನು ಏಳುವುದಕ್ಕೆ ಮುಂಚೆ ಕಾಲಧೂಳಿಯನ್ನು ಕದ್ದು ತೆಗೆದುಕೊಳ್ಳುತ್ತಿದ್ದ ಹೆಂಡತಿಯ ಭಕ್ತಿ ಅವನಿಗೆ ಮುಜುಗರವಾಗಿತ್ತು; ಸಮಾನತೆಯ ತತ್ತ್ವಕ್ಕೆ ಅದು ಹೊಂದುತ್ತಿರಲಿಲ್ಲ. ಕೊನೆಯಲ್ಲಿ ಅವಳು ಪಾದಗಳನ್ನು ಅಪ್ಪಿ ಅಳುವಾಗ ಅವನು ತಡೆಯನು. ಅವಳ ಪೂಜೆಯನ್ನು ಬೇಡವೆನ್ನಲು ತಾನು ಯಾರೆಂದು ಅವನಿಗೆ ತೋರುವುದು. ತತ್ತ್ವವು ಬಿದ್ದಲ್ಲಿ ಮನುಷ್ಯನು ಎದ್ದನು. ಆದರೆ ಅಷ್ಟರಲ್ಲಿ ಹೊತ್ತು ಮೀರಿತ್ತು.

ನಾಲ್ಕನೆಯ ದೋಷವಾದ ಕರಣಾಪಾಟವವು ಮೂವರಿಗೂ ಸಾಧಾರಣವಾದುದು. ಈ ಕಥೆಯಲ್ಲಿ ಪೆಟ್ಟು ತಿಂದವರಲ್ಲಿ ಬಹುಮಂದಿಗೆ ಆತ್ಮಕಥೆಯಿಲ್ಲ. ವಿದೇಶೀ ಬಟ್ಟೆಯನ್ನು ಮಾರಿದನೆಂದು ನೆರೆಯ ಜಮೀನ್ದಾರ ಹರೀಶ ಕುಂಡುವಿನಿಂದ ದಂಡಕ್ಕೊಳಗಾಗಿ ಸರಕು ಸುಡಿಸಿಕೊಂಡ ಪಂಚುವಿಗೆ ಒಂದು ತಲೆಬರಹವಿಲ್ಲ. ದೋಣಿ ಕಳೆದುಕೊಂಡ ಮಿರ್ಜಾನನಿಗಿಲ್ಲ. ಗುಂಡಿಗೆ ಎದೆಯೊಡ್ಡಿದ ಅಮೂಲ್ಯನಿಗಿಲ್ಲ. ನಗುತ್ತ ಬಾಳಿದ ಆ ವಿಧವೆಗೂ ಇಲ್ಲ. ಇವರ ವೃತ್ತಾಂತವು ದೊಡ್ಡವರ ಬರಹದ ಸಂದಿಗೊಂದಿಗಳಲ್ಲಿ ಮಾತ್ರವೇ ಕಾಣಸಿಗುವುದು. ಮೂವರು ತಮ್ಮ ತಮ್ಮ ಹೃದಯದ ಏರಿಳಿತಗಳನ್ನು ಪುಟಗಟ್ಟಲೆ ವರ್ಣಿಸುತ್ತಿರುವಾಗ ಊರು ಉರಿಯುತ್ತಿತ್ತು. ವಕ್ತೃಗಳ ನಂಬಿಕೆಯ ಅಳತೆಗೋಲನ್ನು ಹುಡುಕುವವರು ಮಾತಿಲ್ಲದ ಈ ಸಾಕ್ಷಿಗಳ ಬಳಿಗೆ ಹೋಗಬೇಕು. ಪಂಚು, ಮಿರ್ಜಾನರ ವಿಷಯದಲ್ಲಿ ಯಾರ ಮಾತು ಹೇಗಿದೆಯೆಂದು ನೋಡಿದರೆ, ಸಂದೀಪನ ತತ್ತ್ವವೂ ವಿಮಲೆಯ ಭ್ರಮವೂ ನಿಖಿಲೇಶನ ಒಳ್ಳೆಯತನದ ಬೆಲೆಯೂ ಒಟ್ಟಿಗೇ ತಿಳಿಯುವುವು. ಈ ಒರೆಗೆ ನಿಖಿಲೇಶನೊಬ್ಬನೇ ಬಹುಮಟ್ಟಿಗೆ ನಿಲ್ಲುವನು. ದೋಷವಿದ್ದೂ ಅವನು ವಾಚಕನ ಗೌರವಕ್ಕೆ ಪಾತ್ರನಾಗುವುದು ಇದರಿಂದಲೇ.

ಗ್ರಂಥವು ನಿರ್ದುಷ್ಟವೆಂದು ಹೇಳುವಂತಿಲ್ಲ. ಮೂವರು ವಕ್ತೃಗಳೂ ಉಪಮೆ ರೂಪಕಗಳ ಮಳೆಯನ್ನೇ ಸುರಿಸುವರು. ತೆರೆಯ ಹಿಂದೆ ಬೆಳೆದ ವಿಮಲೆಯೂ, ಸಭೆಗಳನ್ನು ಕುಣಿಸಿದ ಸಂದೀಪನೂ, ಮಿತಭಾಷಿಯಾದ ನಿಖಿಲೇಶನೂ ಒಂದೇ ಬಗೆಯ ವಾಗ್ವೈಭವದಿಂದ ಬರೆಯುವುದು ಅಸಹಜ. ಮೋಹದ ಕಾಲದಲ್ಲಿ ವಿಮಲೆಯ ಬಾಯಲ್ಲಿ ಸಂದೀಪನ ನುಡಿಗಟ್ಟು ಬರುವುದು ಸೊಗಸು. ಅದರಿಂದ ಅವಳ ಮನಸ್ಸು ಪರಾಧೀನವಾದುದು ವ್ಯಕ್ತವಾಗುವುದು. ಆದರೆ ತಲೆಬರಹವನ್ನು ಮುಚ್ಚಿ ಓದಿದರೆ ಇದು ಯಾರ ಬರಹವೆಂದು ಸಂದೇಹವುಂಟಾಗುವ ಸ್ಥಳಗಳೂ ಇಲ್ಲದಿಲ್ಲ. ಅಲ್ಲೆಲ್ಲ ಕವಿನಿಬದ್ಧ ವಕ್ತೃವಿನ ಪ್ರೌಢೋಕ್ತಿಯನ್ನು ಕವಿಪ್ರೌಢೋಕ್ತಿಯು ನುಂಗಿಬಿಟ್ಟಿದೆ. ಪೀಠವನ್ನು ತೊರೆದೆನೆಂದ ಕವಿಯ ಅಂಗವಸ್ತ್ರವು ಅಲ್ಲಿಯೇ ಬಿದ್ದಿರುವಂತೆ ಕಾಣುವುದು.

ಕವಿಯನ್ನೂ ಪಾತ್ರವನ್ನೂ ಬೇರ್ಪಡಿಸಲಾರದ ಓದಿನಿಂದ ಈ ಗ್ರಂಥಕ್ಕೆ 큰 ಹಾನಿಯಾಗದಿದ್ದರೂ ಗ್ರಂಥಕರ್ತರಿಗೆ ನೋವು ತಪ್ಪಲಿಲ್ಲ. ಸೀತೆಯ ವಿಷಯದಲ್ಲಿ ಸಂದೀಪನು ಆಡಿದ ಮಾತನ್ನು ರವೀಂದ್ರರ ಮಾತೆಂದೇ ಎಣಿಸಿ ವಂಗದೇಶದಲ್ಲಿ ಹಲವರು ಕೆರಳಿದರು. ಕವೀಂದ್ರರು ಸಮಾಧಾನ ಹೇಳಬೇಕಾಯಿತು. ಯೂರೋಪಿನ ಜಾರ್ಜ್ ಲುಕಾಚ್ ಎಂಬ ಮಾರ್ಕ್ಸವಾದಿ ಪಂಡಿತನು ೧೯೨೨ರಲ್ಲಿ ಇದನ್ನು ವಿಮರ್ಶಿಸುತ್ತ, ಸಂದೀಪನು ಗಾಂಧೀಜಿಯ ವಿಕೃತಚಿತ್ರವೆಂದೂ ಗ್ರಂಥವು ಬರಿಯ ಪಕ್ಷಪ್ರಚಾರದ ಹೊತ್ತಗೆಯೆಂದೂ ಹಳಿದನು. ಗಾಂಧೀಜಿಯು ದಕ್ಷಿಣ ಆಫ್ರಿಕವನ್ನು ಬಿಟ್ಟ ಬಳಿಕ ಭಾರತಕ್ಕೆ ಮರಳಿದುದು ೧೯೧೫ರ ಜನವರಿಯಲ್ಲಿ. ಅವರ ಅಸಹಕಾರದ ಆಂದೋಲನವು ಈ ಕಾದಂಬರಿಯು ಮುಗಿದ ಎಷ್ಟೋ ವರ್ಷಗಳ ಮೇಲಿನದು. ವಂಗದೇಶದ ಸಂಪ್ರದಾಯಸ್ಥನಿಗೂ ಯೂರೋಪಿನ ಕ್ರಾಂತಿಕಾರಿಗೂ ಬೇರೆ ಯಾವ ವಿಷಯದಲ್ಲಿಯೂ ಹೊಂದಿಕೆಯಿರಲಾರದು. ವಕ್ತೃವೈಶಿಷ್ಟ್ಯವನ್ನು ಲೆಕ್ಕಿಸದೆ ಓದಿದುದರಲ್ಲಿ ಮಾತ್ರ ಇಬ್ಬರೂ ಒಂದೇ.

ಕಥೆಯ ಮುಕ್ತಾಯದಲ್ಲಿಯೂ ಕವಿಯು ಪೀಠಕ್ಕೆ ಮರಳುವುದಿಲ್ಲ. ನಿಖಿಲೇಶನು ಬದುಕುವನೋ ಇಲ್ಲವೋ ಎಂಬುದನ್ನು ವೈದ್ಯನೂ ನಿಶ್ಚಯಿಸಿ ಹೇಳಲಾರನು. ಆ ಅನಿಶ್ಚಯದಲ್ಲಿಯೇ ವಿಮಲೆಯ ಬರಹವು ನಿಂತುಹೋಗುವುದು. ಸತ್ಯಜಿತ್ ರಾಯ್ ಅವರು ೧೯೮೪ರಲ್ಲಿ ತಯಾರಿಸಿದ ಚಲನಚಿತ್ರದಲ್ಲಿ ವಿಮಲೆಯು ವಿಧವೆಯಾಗಿ ಕಾಣಿಸುವಳು. ದೃಶ್ಯಕಾವ್ಯಕ್ಕೆ ಅಂತಹ ನಿರ್ಣಯವು ಬೇಕಾಗಿದ್ದೀತು. ಗ್ರಂಥವನ್ನು ಓದುವವನಿಗಾದರೋ ತಾಯಿಯ ಸಿಂಧೂರವನ್ನು ನೆನೆದ ಮೊದಲ ಪುಟಕ್ಕೆ ಮರಳಿ ಹೋಗಿ, ಅದನ್ನು ಬರೆಯುವಾಗ ವಿಮಲೆಯ ಬೈತಲೆಯಲ್ಲಿ ಸಿಂಧೂರವಿತ್ತೇ ಇಲ್ಲವೇ ಎಂದು ತನ್ನನ್ನೇ ಕೇಳಿಕೊಳ್ಳುವುದಲ್ಲದೆ ಬೇರೆ ದಾರಿಯಿಲ್ಲ.

ಮನೆಮನೆಯಲ್ಲಿಯೂ ಜಗಳಗಳಾಗುವುವು; ಪ್ರತಿಯೊಂದರಲ್ಲಿಯೂ ಹೇಳುವವರು ಇಬ್ಬರೋ ಮೂವರೋ ಇರುವರು, ಜಾಬಾಲಿಯಂತೂ ಇರುವುದಿಲ್ಲ. ಗಟ್ಟಿಯಾಗಿ ಮಾತನಾಡುವವನು ಗೆಲ್ಲುವನು, ಅಳುವವರು ಅಪರಾಧಿಗಳೆನಿಸುವರು, ಸಭ್ಯನಾಗಿ ಸುಮ್ಮನಿದ್ದವನು ದೇವರೆನಿಸುವನು, ಅಡಿಗೆಯ ಮನೆಯ ಮೂಲೆಯಲ್ಲಿದ್ದವರನ್ನು ಯಾರೂ ಕೇಳರು. ‘ಘರೇ ಬಾಯಿರೇ’ಯನ್ನು ಸಾವಧಾನವಾಗಿ ಓದಿ ಮುಗಿಸಿದವನು, ಮುಂದೆ ಅಂತಹ ಜಗಳವೊಂದರಲ್ಲಿ ತೀರ್ಪು ಹೇಳುವುದಕ್ಕೆ ಮುನ್ನ, ಆ ಮೂಲೆಯ ಕಡೆಗೆ ಒಮ್ಮೆ ತಿರುಗಿ ನೋಡಿದರೆ ಓದಿದುದು ಸಾರ್ಥಕ.